ಮೊದಲ ಹನಿ

ಸೊಸೆ ಡ್ರಾಪರ್ ಒತ್ತುವುದಕ್ಕೂ ಮಾವ ಮೀನಿನ ತೊಟ್ಟಿಗೆ ಅಂಗೈ ಅಡ್ಡ ಒಡ್ಡುವುದಕ್ಕೂ ಸರಿಹೋಯಿತು. ಔಷಧದ ಮೊದಲ ಹನಿ ಆ ಅಂಗೈಯಲ್ಲಿ ಹಳದಿ ಮಣಿಯಂತೆ ನಿಂತಿತು.

“ಚೆನ್ನಾಗಿರೋ ಮರಿಗಳಿಗೆ ಔಷಧ ಯಾಕಮ್ಮ? ದಾರೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ!”

“ಹೊಟ್ಟೇಲಿ ಹುಳ ಇದ್ರೆ ಹೊರಗೆ ಕಾಣುತ್ತಾ ಮಾವ? ಇವುಗಳ ತಾಯೀನೂ ಚೆನ್ನಾಗೇ ಇತ್ತು.”

“ನಿನ್ನ ಔಷಧ ಬೀಳೋವರೆಗೂ ಚೆನ್ನಾಗೇ ಇತ್ತು.”

ಕಳೆದ ತಿಂಗಳು ಔಷಧ ಹಾಕಿದ ಮರುದಿನವೇ ತಾಯಿಮೀನು ಸತ್ತಿತ್ತು. ಔಷಧವೇ ಕೊಂದಿತೆಂದು ಮಾವನ ಪಟ್ಟು, ತಡವಾಗಿ ಹಾಕಿದ್ದಕ್ಕೆ ಸತ್ತಿತೆಂದು ಸೊಸೆಯದು. ಉಳಿದಿದ್ದು ಉಗುರಿನಷ್ಟಗಲದ ಈ ಬೆಳ್ಳಿಮರಿಗಳು. ಮೊಟ್ಟೆಯೊಡೆದು ಬಂದಾಗಿನಿಂದ ಇವುಗಳನ್ನು ಮಾವನೇ ಸಾಕಿದ್ದರು.

“ಕಾಯಿಲೆ ಬಿದ್ದವರು ಹೀಗೆ ತಿಂತಾರಾ, ನೋಡು!” ಅಡ್ಡಗೈ ತೆಗೆಯದೆ ಅವರು ಇನ್ನೊಂದು ಕೈಯಿಂದ ಚಿಟಿಕೆ ಆಹಾರ ಉದುರಿಸಿದರು. ಮರಿಗಳು ಮುಗಿಬಿದ್ದವು. ಮಾವ ಗೆದ್ದವರಂತೆ ಸೊಸೆಯತ್ತ ನೋಡಿ ಮತ್ತೆ ತೊಟ್ಟಿಯತ್ತ ತಿರುಗಿದರು. ಮೂಲೆಯಲ್ಲಿದ್ದ ಮರಿಯೊಂದು ತುತ್ತನ್ನು ಬಾಯಿಗೆ ಹಾಕಿಕೊಂಡು ಉಗುಳಿತು. ಮತ್ತೆ ಹಿಡಿಯಿತು, ಮತ್ತೆ ಉಗುಳಿತು. ಸಾಯುವ ಮುಂಚೆ ತಾಯಿಮೀನೂ ಹೀಗೇ ಮಾಡುತ್ತಿತ್ತು. “ಮಹಾರಾಣಿಗೆ ರುಚಿ ಹತ್ತಲಿಲ್ಲ” ಎಂದು ಆಗ ನಕ್ಕಿದ್ದು ಮಾವನೇ.

ಸೊಸೆಯೂ ಅದನ್ನು ನೋಡಿದಳು. ಮಾವ ಅಂಗೈಯನ್ನು ಮೆಲ್ಲಗೆ ವಾಲಿಸಿದರು. ಹನಿ ಜಾರಿ ನೀರಿಗೆ ಬಿತ್ತು.

“ಒಂದು” ಎಂದರು. “ಉಳಿದಿದ್ದು ನೀನೇ ಎಣಿಸಿ ಹಾಕು ತಾಯಿ.”