ಕಡಿಮೆ ಅಂಕಿಯ ಬಾಗಿಲು

ರಾಗ್ನಾ ಹಿಮದ ಮೇಲೆ ಜಾರುವ ಸ್ಕೀ ಹಲಗೆಯ ಹಳೆಯ ಮೇಣ ಕೆರೆಯುತ್ತಿದ್ದಳು. ಗ್ಯಾರೇಜಿನ ತಗಡಿನ ಬಾಗಿಲಿನಿಂದ ಚಳಿ ನುಗ್ಗಿ, ಕಾಯಿಸಿ ಹಚ್ಚಿದ ಮೇಣ ಹಲಗೆಗೆ ಹಿಡಿಯುವ ಮೊದಲೇ ಗಟ್ಟಿಯಾಗುತ್ತಿತ್ತು. ಹೀಗೇ ಆದರೆ ಈ ಚಳಿಗಾಲವೂ ಊರವರು ಮೇಣ ಹಚ್ಚಲು ಕೊಟ್ಟ ಸ್ಕೀಗಳನ್ನೆಲ್ಲ ಅಡುಗೆಮನೆಗೆ ಹೊರಬೇಕು. ಕಾದ ಮೇಣದ ವಾಸನೆಗೆ ಅತ್ತೆ ಸಿಗ್ನೆ ಹೋದ ವರ್ಷ ಮೂಗು ಹಿಡಿದುಕೊಂಡೇ ಊಟ ಮಾಡಿದ್ದರು.

"ಸಿಕ್ತು ನೋಡು!" ಗ್ಯಾರೇಜಿಗೆ ಹೊಸ ಬಾಗಿಲು ಹುಡುಕುತ್ತಿದ್ದ ಗಂಡ ಓಡ್ವಾರ್ ಫೋನು ತೋರಿಸಿದ. "ಈ ಬಾಗಿಲಿಗೆ ಶಾಖದ ಅಂಕಿ ಒಂದು ಪಾಯಿಂಟ್ ಎಂಟು. ಆ ದುಬಾರಿ ಬಾಗಿಲಿಗೆ ಬರೀ ಸೊನ್ನೆ ಪಾಯಿಂಟ್ ಒಂಬತ್ತು. ಇದು ಎರಡು ಪಟ್ಟು ಬೆಚ್ಚಗೆ, ಅದೂ ಅಗ್ಗಕ್ಕೆ! ಆರ್ಡರ್ ಒತ್ತಿಬಿಡ್ಲಾ?"

ಅವನ ಹೆಬ್ಬೆರಳು ಪರದೆಗೆ ಇಳಿಯುವಷ್ಟರಲ್ಲಿ ರಾಗ್ನಾ ಮೇಣ ಕೆರೆಯುವ ಪಟ್ಟಿಯನ್ನು ನಡುವೆ ತೂರಿಸಿದಳು. "ತಡಿ ಮಾರಾಯ. ಆ ಅಂಕಿ ಹೊರಗೆ ಸೋರಿ ಹೋಗೋ ಶಾಖದ್ದು. ಕಡಿಮೆ ಇದ್ದಷ್ಟೂ ಬೆಚ್ಚಗೆ."

ಮೂಲೆಯಲ್ಲಿ ಹೆಣೆಯುತ್ತಿದ್ದ ಸಿಗ್ನೆ ಕಿಸಕ್ಕೆಂದರು. "ಸ್ವೆಟರ್ ತಗೊಳ್ಳುವಾಗ್ಲೂ ತೂತು ಎಣಿಸಿ, ಜಾಸ್ತಿ ಇರೋದನ್ನೇ ತರ್ತೀಯೇನೋ?"

ಓಡ್ವಾರನ ಕಿವಿ ಕೆಂಪಾಯಿತು. ದುಬಾರಿ ಬಾಗಿಲನ್ನೇ ಒತ್ತಿದ. ರಾಗ್ನಾಳ ಮುಖ ಅರಳಿತು. ಆದರೆ ಅವನ ಕಣ್ಣು ಕಿಟಕಿಯಲ್ಲೇ ನಿಂತಿತ್ತು. ಆಚೆ ನೆರೆಮನೆಯ ಟೊರ್ಮೊಡ್ ತನ್ನ ಹೊಚ್ಚಹೊಸ ಗ್ಯಾರೇಜು ಬಾಗಿಲನ್ನು ಪ್ರೀತಿಯಿಂದ ಒರೆಸುತ್ತಾ ಇವರತ್ತ ಕೈಬೀಸುತ್ತಿದ್ದ.

"ಒಂದು ಪಾಯಿಂಟ್ ಎಂಟರದ್ದೇ ತಗೋ ಅಂತ ಅವನಿಗೆ ಹೇಳಿದ್ದು ನಾನೇ," ಎಂದ ಓಡ್ವಾರ್. "ನಿಮ್ಮಲ್ಲಿ ಯಾರಾದ್ರೂ ಹೋಗಿ ವಿಷಯ ಹೇಳಿ ಬನ್ನಿ."

ಅತ್ತೆ ಸೊಸೆ ಇಬ್ಬರೂ ಕಿವಿ ಕೇಳಿಸದವರಂತೆ ಟೊರ್ಮೊಡ್‌ಗೆ ಕೈಬೀಸಿದರು.