ಚೀಟಿ ಕಿಟಕಿಯಿಂದ ವಾಪಸ್ ಹೋದ ಹುಡುಗಿ

ತಾಲ್ಲೂಕು ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ, ಕ್ಯೂನಲ್ಲಿದ್ದ ಮೂವತ್ತು ಜನರಿಗೆ ಕೇಳುವಂತೆ, ಹದಿನೇಳು ವರ್ಷದ ಅಂಬಿಕಾಳನ್ನು "ಮದುವಿ ಆಗೈತೇನು ನಿಂದು?" ಎಂದು ಕೇಳಲಾಯಿತು.

ಅವಳು ಚೀಟಿ ತೆಗೆದುಕೊಳ್ಳದೆ ಹೊರಟುಹೋದಳು.

ಹನ್ನೊಂದನೆಯ ದಿನ ಸತ್ತಳು.

ಕಿಟಕಿಗೆ ಬಂದ ದಿನ ಅವಳಿಗೆ ಮುಟ್ಟಿನ ರಕ್ತ ಶುರುವಾಗಿ ಆಗಲೇ ಹದಿನೆಂಟು ದಿನವಾಗಿತ್ತು... ನಿಂತಿರಲಿಲ್ಲ. ಅದನ್ನು ಮೆಲ್ಲಗೆ ಹೇಳಿದ್ದಳು. ಚೀಟಿ ಬರೆಯುವ ಕಳಕಪ್ಪನಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳಬೇ!" ಎಂದ.

ಹಿಂದೆ ನಿಂತ ಮುದುಕನೊಬ್ಬ, "ಕಾಲೇಜ್ ಹುಡುಗ್ಯಾರಿಗೆ ಅದೆಂಥಾ ಗುಟ್ಟಿನ ರೋಗನೋ!" ಎಂದು ನಕ್ಕ. ನಾಲ್ಕು ಜನ ಅವನ ಜೊತೆ ನಕ್ಕರು.

ಕಳಕಪ್ಪನ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಸಿರಿಂಜಿನ ಡಬ್ಬಿ ಹಿಡಿದು ನಿಂತಿದ್ದವಳು ಗುತ್ತಿಗೆ ನರ್ಸ್ ಹುಲಿಗೆಮ್ಮ.

ಆ ತಗ್ಗಿದ ಮುಖದ ಗುರುತು ಅವಳಿಗೆ ಹತ್ತಿತು...

ಎರಡು ವಾರದ ಹಿಂದೆ ಪಿಯು ಕಾಲೇಜಿನಲ್ಲಿ ಭಾಷಣ ಮಾಡಿದ್ದು ಇದೇ ಹುಲಿಗೆಮ್ಮ. ಆಸ್ಪತ್ರೆಗೆ ಬನ್ನಿ, ನರ್ಸಿಂಗ್ ಓದಿ ಎಂದು ಮಕ್ಕಳಿಗೆ ಹೇಳಿಬರಲು ಕಳಿಸಿದ್ದರು.

"ಸಿಸ್ಟರ್, ಸತ್ತೋರನ್ನ ನೋಡಿದ್ರ ಅಂಜಿಕಿ ಆಗಂಗಿಲ್ಲೇನ್ರೀ?" ಎಂದು ಒಬ್ಬಳು ಕೇಳಿದ್ದಳು.

"ಅವರು ಸುಮ್ನ ಮಲಗಿರ್ತಾರ ತಂಗಿ. ಬದುಕಿದ್ದೋರ ಕಾಟನ ಭಾಳ!"

ಇಡೀ ಕ್ಲಾಸು ನಕ್ಕಿತ್ತು.

ನಾಡಿ ಹಿಡಿಯುವುದನ್ನು ಕಲಿಸಿದಾಗ ಮೂರನೇ ಬೆಂಚಿನ ಅಂಬಿಕಾ ಗೆಳತಿಯ ಕೈ ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಿ ಕೂಗಿದ್ದಳು, "ಎಪ್ಪತ್ತೆಂಟು ಸಿಸ್ಟರ್! ನಿಮ್ಮಂಗ ಆಗಾಕ ಏನ್ ಓದ್ಬೇಕ್ರೀ?"

ಹೊರಡುವಾಗ ಹುಲಿಗೆಮ್ಮ ಒಂದು ಮಾತು ಕೊಟ್ಟಿದ್ದಳು. "ಯಾವ ತ್ರಾಸ ಇದ್ರೂ ಬರ್ರಿ. ನಿಮ್ಮ ಮಾತು ನನ್ನ ಕಿವಿ ದಾಟಂಗಿಲ್ಲ."

ಆ ಮಾತು ನಂಬಿ ಹುಡುಗಿ ಬಂದಿದ್ದಳು.

ಒಂದು ಸಲ ಹೆಸರು ಹಿಡಿದು ಕರೆದಿದ್ದರೆ ಸಾಕಿತ್ತು... ಆದರೆ ಅದೇ ತಿಂಗಳು ಹುಲಿಗೆಮ್ಮನ ಗುತ್ತಿಗೆ ಮುಂದುವರಿಯಬೇಕಿತ್ತು. ಕಳಕಪ್ಪ ದೊಡ್ಡ ಡಾಕ್ಟರ ಕಡೆಯವನು. ಅವನನ್ನು ಎದುರು ಹಾಕಿಕೊಂಡವರು ಆ ಆಸ್ಪತ್ರೆಯಲ್ಲಿ ಉಳಿದಿರಲಿಲ್ಲ.

ಡಬ್ಬಿ ಹಿಡಿದು ವಾರ್ಡಿಗೆ ನಡೆದಳು.

ಸಾವಿನ ಸುದ್ದಿ ಆಶಾ ಕಾರ್ಯಕರ್ತೆಯಿಂದ ತಿಳಿಯಿತು. ಹುಲಿಗೆಮ್ಮ ನರ್ಸ್ ಸಮವಸ್ತ್ರದಲ್ಲೇ ಆ ಮನೆಗೆ ಹೋದಾಗ ತಾಯಿ ಹೊಸ್ತಿಲಲ್ಲಿ ಕೂತಿದ್ದಳು. ಅಳು ಮುಗಿದುಹೋದ ಕಣ್ಣು...

"ನೀನ ಏನವ್ವಾ ಆ ಸಿಸ್ಟರು? ಬಾ, ಕೂಡು. ಹೊತ್ತಾರೆದ್ರ ನಿನ್ನ ಸುದ್ದಿನ ಹೇಳ್ತಿದ್ಲು."

ತಾಯಿ ಅವಳ ಕೈ ಹಿಡಿದುಕೊಂಡಳು.

"ದಿನಾ ನನ್ನ ನಾಡಿ ಎಣಸ್ತಿದ್ಲು. ಕಡೀ ದಿನ ತನ್ನ ನಾಡಿ ತಾನ ಎಣಿಸಿಕೊಂಡು, 'ಅವ್ವಾ, ನೂರಾ ನಲವತ್ತು... ಭಾಳ ಜೋರ್ ಓಡಾಕತ್ತೈತಿ' ಅಂದ್ಲು. ದವಾಖಾನಿಗೆ ನಡಿ ಅಂದೆ. 'ಬ್ಯಾಡವ್ವಾ, ಅಲ್ಲಿ ಎಲ್ಲಾರ ಮುಂದ ಕೇಳ್ತಾರ' ಅಂದ್ಲು."

ತಾಯಿ ಹಿಡಿದ ಕೈ ಬಿಡದೆ ಮುಂದುವರಿಸಿದಳು.

"ಅವತ್ತ ನೀ ಇರಲಿಲ್ಲಂತ. ಆ ಸಿಸ್ಟರ್ ಇದ್ದಿದ್ರ ನನ್ನ ಒಳಗ ಕರೀತಿದ್ರು, ಅಂತಿದ್ಲು..."

"ನಾ ಇದ್ದೆ, ಅವ್ವಾ."

"ಏನಂದಿ?"

"ಅಲ್ಲೇ ಇದ್ದೆ... ನೋಡಿದೆ. ಕರೀಲಿಲ್ಲ."

ತಾಯಿ ಬೈಯಲಿಲ್ಲ. ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು. ಅಷ್ಟೇ.

ಮರುದಿನ ದೊಡ್ಡ ಡಾಕ್ಟರು ಹುಲಿಗೆಮ್ಮನನ್ನು ಕರೆಸಿದರು.

"ಸೋಮವಾರ ಹೈಸ್ಕೂಲ್‌ನಾಗ ಕಾರ್ಯಕ್ರಮ ಐತಿ. ನೀನ ಹೋಗು, ಹುಡುಗ್ರು ನಿನ್ನ ಮಾತು ನಂಬ್ತಾರ. ನಾಕು ಫೋಟೋ ತಗದು ಗ್ರೂಪಿಗೆ ಹಾಕು. ಜಿಲ್ಲಾ ಆಫೀಸಿನಿಂದ ಕೇಳಾಕತ್ತಾರ."

"ನಂಬ್ತಾರ ಅಂತನ ಹೋಗಂಗಿಲ್ಲ ಸರ್."

ಡಾಕ್ಟರು ತಲೆ ಎತ್ತಿದರು.

"ಹುಡುಗ್ರು ಬಂದ್ರ ಒಳಗ ಕುಂದ್ರಿಸಿ, ಬಾಗಿಲಾ ಹಾಕಿ ಕೇಳೋದಕ್ಕ ಒಂದು ಕೋಣಿ ಮಾಡ್ರಿ. ಆ ಕಿಟಕ್ಯಾಗ ರೋಗ ಕೇಳೋದು ಬಂದ್ ಮಾಡ್ರಿ. ಆಮ್ಯಾಲೆ ಎಷ್ಟು ಸಾಲಿ-ಕಾಲೇಜಿಗೆ ಕಳಸ್ತೀರಿ, ಕಳಸ್ರಿ."

"ಅದೆಲ್ಲಾ ನಿನಗ್ಯಾಕ? ಗುತ್ತಿಗಿ ಫೈಲಿಗೆ ಇನ್ನೂ ಸಹಿ ಹಾಕಿಲ್ಲ ನಾ. ನೆನಪೈತೇನು?"

"ಐತಿ ಸರ್."

ಹುಲಿಗೆಮ್ಮ ಒಂದು ಹೆಜ್ಜೆ ಮೇಜಿನ ಹತ್ತಿರ ಬಂದಳು.

"ಕರದು ಕರದು ಆ ಕಿಟಕಿ ಮುಂದ ಇನ್ನೊಂದು ಹುಡುಗಿನ್ನ ನಿಲ್ಲಸಾಕ ನನ್ನ ಕೈಲಿ ಆಗಂಗಿಲ್ಲ. ನಾ ಹೋಗಂಗಿಲ್ಲ."

*

ಮಕ್ಕಳನ್ನು ಆಸ್ಪತ್ರೆಗೆ ಕರೆಯುವ ಹಕ್ಕು, ಬಂದವರ ಮಾನ ಕಾಯುವವರಿಗೆ ಮಾತ್ರ ಇದೆ.

ನಾಳೆ ಕ್ಯೂನಲ್ಲಿ ನಿಮ್ಮ ಮುಂದೆ ಒಬ್ಬ ಹುಡುಗಿ ದನಿ ತಗ್ಗಿಸಿ ಮಾತಾಡಿದರೆ... ನೀವು ಕಿವಿ ಚಾಚುತ್ತೀರೋ, ಎರಡು ಹೆಜ್ಜೆ ಹಿಂದೆ ಸರಿಯುತ್ತೀರೋ?