ಹೊಸ್ತಿಲಲ್ಲಿ ಬಿದ್ದ ಅಕ್ಕಿಕಾಳು

"ಅಲ್ಲಿ ನಿಲ್ಲಸ. ಆ ಬಾಗಲದ ಮರಿಗಿ ನಿಂತಾಕಿ ನಾನ ಅಲ್ಲೇನ?" ಎಂದಳು ಜಿನ್ನವ್ವ. "ಅದನ್ನ ತಗದ ಬಿಡ ಶರೀಫಾ. ನಾಳಿ ಹತ್ತರಗಿ ಊರಿಗಿ, ಬೀಗರ ಮನಿಗಿ ಸೀಡಿ ಹೋಗೂದೈತಿ."

ಶರೀಫಾಬಿ ಮೌಸು ಒತ್ತಿ ಚಿತ್ರ ನಿಲ್ಲಿಸಿದಳು. ಯಮಕನಮರಡಿಯ ಆ ಸಣ್ಣ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಮನೆ ಅಳಿಯನಿಗಿಂತ ಹೆಚ್ಚಿನ ಮರ್ಯಾದೆ. ಬಂದವರು ಚಪ್ಪಲಿ ಹೊರಗೆ ಬಿಡಬೇಕು, ಕೆಲಸ ಮುಗಿದೊಡನೆ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಬೇಕು. ಮೊನ್ನೆ ಮೊನ್ನೆಯವರೆಗೆ ಇದೇ ಕೋಣೆಯ ಮೂಲೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದವಳಿಗೆ ಗಂಡ ಹಾಜಿಮಲಂಗ ಈ ಲಗ್ನದ ಸೀಜನ್ನಿನಲ್ಲಿ ಎಡಿಟಿಂಗ್ ಕಲಿಸಲು ಹೊರಟಿದ್ದ. ಕಲಿಸಿದ್ದು ಕಡಿಮೆ, ಬೈದದ್ದು ಹೆಚ್ಚು. ಇವತ್ತು ಆ ಪುಣ್ಯಾತ್ಮನೂ ಕ್ಯಾಮೆರಾ ಹೊತ್ತುಕೊಂಡು ಮೂಡಲಗಿಯ ಮದುವೆಗೆ ಹೋಗಿದ್ದ.

ಪರದೆಯ ಮೇಲಿದ್ದದ್ದು ಜಿನ್ನವ್ವನ ಒಬ್ಬಳೇ ಮಗಳು ರೂಪಾಲಿಯ ಮದುವೆ. ಮನೆ ಮುಂದಿನ ಹಂದರದಲ್ಲಿ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಿಗೆ ಹಾಜಿಮಲಂಗ ಮದುಮಕ್ಕಳನ್ನು ಹಿಡಿದಿದ್ದ. ಎರಡನೆಯ ಕ್ಯಾಮೆರಾದ ಗುಡ್ಡಪ್ಪ ಕುರ್ಚಿ ಹತ್ತಿ ಜನರನ್ನು ಹಿಡಿಯುತ್ತ ಹಿಡಿಯುತ್ತ ಮನೆಯ ಬಾಗಿಲವರೆಗೆ ತಿರುಗಿಬಿಟ್ಟಿದ್ದ. ಬಾಗಿಲ ಒಳಗೆ, ತಲೆತುಂಬ ಸೆರಗು ಹೊದ್ದು, ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಜಿನ್ನವ್ವ ನಿಂತಿದ್ದಳು. ಧಾರೆ ಎರೆದವರು ಮೈದುನ ಮತ್ತವನ ಹೆಂಡತಿ. ಹೆತ್ತವಳಿಗೆ ಸಿಕ್ಕಿದ್ದು ಬಾಗಿಲ ಮರೆ ಅಷ್ಟೇ.

"ಯಾಕ್ರಿ ಅಕ್ಕಾರ, ಚಂದ ಬಂದೀರಲ್ಲ. ಇರ್ಲಿ ಬಿಡ್ರಿ."

"ಎಲ್ಲೀ ಚಂದ ತಂದಿ? ಗಂಡ ಸತ್ತಾಕಿ ಅಕ್ಕಿಕಾಳ ಹೊತ್ತಿಗಿ ಇಣಕಿದ್ದು ಬೀಗರ ಕಣ್ಣಿಗಿ ಬಿದ್ರ ಮುಗೀತು. ನಾಳಿ ಆ ಕೂಸಿಗಿ ತಲಿನೋವು ಬಂದ್ರೂ ನನ್ನ ಮಾರಿನ ನೆನಸ್ತಾರ. ತಗದ ಬಿಡ ನೀ."

ಶರೀಫಾಬಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆದರೆ ಮಗಳ ಬಾಳಿನ ಮಾತು, ತಾನು ಏನು ಹೇಳಬೇಕು? ಕಲಿತಂತೆ ಬ್ಲೇಡಿನ ಚಿತ್ರ ಒತ್ತಿ, ಜಿನ್ನವ್ವ ಇದ್ದ ತುಂಡನ್ನು ಎರಡೂ ಕಡೆ ಕತ್ತರಿಸಿದಳು. ಇನ್ನು ಅಳಿಸಬೇಕು. ಕೈ ಬರಲಿಲ್ಲ. ಹೊಲಿಗೆಯವಳ ಕೈ ಅದು, ಕತ್ತರಿಸಿ ಉಳಿದ ಬಟ್ಟೆಯನ್ನು ಎಂದೂ ಕಸಕ್ಕೆ ಹಾಕಿದ್ದಲ್ಲ, ಯಾವುದಕ್ಕಾದರೂ ಬಂದೀತೆಂದು ಬದಿಗೆ ಎತ್ತಿಟ್ಟೇ ರೂಢಿ. ಹಾಗೆಯೇ ಆ ತುಂಡನ್ನೂ ಎತ್ತಿ, ಪರದೆಯಲ್ಲಿ ತುಂಡುಗಳನ್ನು ಜೋಡಿಸುವ ಪಟ್ಟಿಗಳಲ್ಲಿ ಮೇಲೆ ಖಾಲಿಯಿದ್ದದ್ದರಲ್ಲಿಟ್ಟಳು. ಕೆಳಗಿನ ಪಟ್ಟಿಯಲ್ಲಿ ಉಳಿದ ಸಂದಿಗೆ ಮುಂದಿನ ತುಂಡನ್ನು, ಅಂದರೆ ಮಂಟಪದಲ್ಲಿ ನಿಂತ ರೂಪಾಲಿಯನ್ನು, ಎಳೆದು ಜೋಡಿಸಿ ಚಿತ್ರ ಓಡಿಸಿದಳು.

"ಇನ್ನೂ ಅಲ್ಲೇ ಅದೀನಲ್ಲ ನಾ," ಎಂದು ಜಿನ್ನವ್ವ ಗಾಬರಿಯಾದಳು.

ಮೇಲಿನ ಪಟ್ಟಿಯಲ್ಲಿಟ್ಟದ್ದು ಕೆಳಗಿನದನ್ನು ಮುಚ್ಚುತ್ತದೆಂದು ಶರೀಫಾಬಿಗೆ ಯಾರೂ ಹೇಳಿರಲಿಲ್ಲ. ತುಂಡಿನ ಮೇಲೊಂದು ತೆಳು ಗೆರೆ ಇರುತ್ತದೆ, ಅದನ್ನು ಕೆಳಗೆ ಎಳೆದರೆ ಚಿತ್ರ ಮಾಸುತ್ತದೆ ಎನ್ನುವುದಷ್ಟೇ ಗೊತ್ತಿತ್ತು. ಪೂರ್ತಿ ಮಾಸಿಸಿದರೆ ಕಾಣುವುದಿಲ್ಲವಲ್ಲ ಎಂದು ಎಳೆದಳು. ಬೆವೆತ ಬೆರಳು ಜಾರಿ ಗೆರೆ ಅರ್ಧಕ್ಕೇ ನಿಂತುಬಿಟ್ಟಿತು. ಕಂಪ್ಯೂಟರು ಗುರ್ರೆಂದಿತು, ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಗೆರೆ ನಿಧಾನವಾಗಿ ಮುಂದೆ ಸರಿಯಿತು. ಕೆಡಿಸಿಬಿಟ್ಟೆ, ಇನ್ನು ಗಂಡ ಬಂದು ಜೀವ ತೆಗೆಯುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಚಿತ್ರ ಓಡತೊಡಗಿತು.

ಕೆಳಗೆ ಬಾಸಿಂಗ ಕಟ್ಟಿಕೊಂಡ ರೂಪಾಲಿ. ಅವಳ ಮೇಲೆಯೇ, ತೆಳು ಬಟ್ಟೆಯ ಆಚೆ ನಿಂತಂತೆ, ಜಿನ್ನವ್ವ. ಜಿನ್ನವ್ವನ ಕೈ ಮೇಲೆದ್ದಿತು, ಮುಷ್ಟಿ ಬಿಚ್ಚಿತು. ಹಳದಿ ಅಕ್ಕಿಕಾಳು ಹಾರಿ, ನೇರ ಬಂದು ರೂಪಾಲಿಯ ತಲೆಯ ಮೇಲೆ ಬಿದ್ದವು. ಅದೇ ಗಳಿಗೆಗೆ ರೂಪಾಲಿ ಕಣ್ಣು ಮುಚ್ಚಿ ತಲೆ ಬಾಗಿಸಿದಳು.

"ಯಾ ಅಲ್ಲಾ," ಶರೀಫಾಬಿಯ ಬಾಯಿಂದ ತಾನಾಗಿ ಹೊರಬಂತು. ಅವತ್ತು ಆ ಬಾಗಿಲಿಗೂ ಮಂಟಪಕ್ಕೂ ನಡುವೆ ಇಡೀ ಊರು ಕುಳಿತಿತ್ತು. ಈಗ ನಡುವೆ ಯಾರೂ ಇರಲಿಲ್ಲ. ಬೈಗುಳ ತಿನ್ನುತ್ತ ಕಲಿಯುತ್ತಿದ್ದ ಈ ಪೆಟ್ಟಿಗೆಯೊಳಗೆ ಇಂಥದೊಂದು ಇದೆಯೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ತನ್ನ ಕೈಯಿಂದಲೇ ಆಯಿತೆಂದು ನಂಬಲಾಗದೆ ಕೈ ನೋಡಿಕೊಂಡಳು.

ಜಿನ್ನವ್ವ ಪರದೆಯ ಹತ್ತಿರಕ್ಕೆ ಸರಿದಳು. ಆಮೇಲೆ, "ಇನ್ನೊಮ್ಮಿ ಹಚ್ಚ," ಎಂದಳು.

ಶರೀಫಾಬಿ ಹಚ್ಚಿದಳು. ಮತ್ತೆ ಕೈ ಎದ್ದಿತು, ಮತ್ತೆ ಅಕ್ಕಿಕಾಳು ಬಿದ್ದವು, ಮತ್ತೆ ಮಗಳು ತಲೆ ಬಾಗಿಸಿದಳು.

"ಅಕ್ಕಾರ, ಎರಡ ಸೀಡಿ ಮಾಡ್ತೇನ್ರಿ," ಶರೀಫಾಬಿ ಮೆಲ್ಲಗೆ ಹೇಳಿದಳು. "ನೀವು ಇಲ್ಲದ್ದು ಹತ್ತರಗಿಗಿ ಹೋಗ್ಲಿ. ಇದು ನಿಮ್ಮ ಮನ್ಯಾಗ ಇರ್ಲಿ. ಯಾರಿಗೂ ಗೊತ್ತಾಗೂದಿಲ್ಲ."

ಜಿನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರದೆಯ ಮೇಲಿನ ಮಗಳ ತಲೆಯನ್ನು ಬೆರಳ ತುದಿಯಿಂದ ಮುಟ್ಟಲು ಹೋಗಿ, ಕಂಪ್ಯೂಟರಿಗೆ ಏನಾದೀತೋ ಎಂದು ಕೈ ಹಿಂತೆಗೆದಳು.

"ಅವತ್ತ ನಾ ಒಗದ ಅಕ್ಕಿಕಾಳ ಹೊಸ್ತಿಲಾ ದಾಟಲಿಲ್ಲ ಶರೀಫಾ. ಮಂದಿ ಉಣ್ಣಾಕ ಕುಂತಾಗ ನಾನ ಕಸಬರಗಿ ತಗೊಂಡ ಬಳದ ಹಾಕಿದೆ," ಎಂದಳು. "ಈಗ ಹೋಗಿ ಮುಟ್ಯಾವ. ಮತ್ತ ಮನಿಗಿ ತಂದ ಮುಚ್ಚಿಡ್ಲೇನ? ಹತ್ತರಗಿಗಿ ಇದ ಹೋಗ್ಲಿ."